ಎರಡು ಸೆನ್ಸರ್, ಒಂದು ನೇರಳೆ ಹಣ್ಣು

ಮಠದಿಂದ ಫೋನು ಬಂದಾಗ ಚಂದ್ರಮೌಳಿಯವರು ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿದ್ದರು. ಮಾತು ಮುಗಿಯುವ ಹೊತ್ತಿಗೆ ಇನ್ನೊಂದು ಕಾಲು ಮರೆತೇ ಹೋಗಿತ್ತು. ಕುವೆಂಪುನಗರದ ಮನೆಯಿಂದ ಲಷ್ಕರ್ ಮೊಹಲ್ಲಾದ ತಮ್ಮ ಸ್ಟುಡಿಯೋವರೆಗೆ ಸ್ಕೂಟರನ್ನು ಹಾಗೆಯೇ ಓಡಿಸಿಕೊಂಡು ಬಂದರು. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ಅವರ ಬರಿಗಾಲನ್ನೇ ನೋಡುತ್ತಿದ್ದ. ಅವರು ಅವನನ್ನು ನೋಡಿ ಸುಮ್ಮನೆ ನಕ್ಕರು. ಸಂತೋಷ ಬಂದ ಮನುಷ್ಯನಿಗೆ ಎರಡೂ ಚಪ್ಪಲಿ ಬೇಕೇ ಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ?

ಸ್ಟುಡಿಯೋದಲ್ಲಿ ಮಗಳು ಲಾಸ್ಯ ಯಾರದೋ ಮದುವೆಯ ಆಲ್ಬಮ್ ಜೋಡಿಸುತ್ತ ಕಂಪ್ಯೂಟರ್ ಮುಂದೆ ಕೂತಿದ್ದಳು. ಅಪ್ಪನ ಕಸುಬನ್ನೇ ಹಿಡಿದವಳು. ಮದುವೆ ಕೆಲಸವೆಲ್ಲ ಈಗ ಅವಳ ಹೆಸರಿಗೇ ಬರುತ್ತದೆ, ಅಪ್ಪನಿಗೆ ಅದು ಹೆಮ್ಮೆಯೂ ಹೌದು, ಒಳಗೊಳಗೇ ಒಂದು ಚೂರು ಉರಿಯೂ ಹೌದು.

"ಬುದ್ಧಿಯೋರು ಒಪ್ಕೊಂಡ್ಬುಟ್ರು ಕಣಮ್ಮ," ಎಂದರು ಚಂದ್ರಮೌಳಿ, ಹೆಲ್ಮೆಟ್ಟು ತೆಗೆಯದೆ.

"ಏನಕ್ಕೆ ಅಪ್ಪಾಜಿ?"

"ಶಿವಪೂಜೆ ಫೋಟೋಗೆ."

ಲಾಸ್ಯ ಕುರ್ಚಿಯಿಂದ ಎದ್ದೇಬಿಟ್ಟಳು. ಅವಳು ಹಾಗೆ ಏಳುವುದಕ್ಕೆ ಕಾರಣವಿತ್ತು. ಕಡಕೊಳ ದಾಟಿ, ನಂಜನಗೂಡು ರಸ್ತೆಯಿಂದ ಸ್ವಲ್ಪ ಒಳಗೆ ಸರಿದರೆ ಅವರ ಮನೆತನ ನಡೆದುಕೊಳ್ಳುವ ಒಂದು ಸಣ್ಣ ಮಠವಿದೆ. ಅಲ್ಲಿಯ ಹಿರಿಯರು ಸಿದ್ದಲಿಂಗಸ್ವಾಮಿಗಳು. ಭಕ್ತರೆಲ್ಲ 'ಬುದ್ಧಿ' ಎಂದೇ ಕರೆಯುವುದು. ಮಠದ ಸಮಾರಂಭಗಳ ಪಟವನ್ನೆಲ್ಲ ಚಂದ್ರಮೌಳಿಯವರೇ ತೆಗೆಯುತ್ತ ಬಂದವರು. ಆದರೆ ಬುದ್ಧಿಯವರು ಪೂಜೆಗೆ ಕೂತಾಗ ಆ ಕೋಣೆಯ ಬಾಗಿಲು ಮುಚ್ಚುತ್ತದೆ. ಇಷ್ಟಲಿಂಗವನ್ನು ಎಡಗೈ ಮೇಲಿಟ್ಟುಕೊಂಡು, ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಬಡಿಯದೆ ನೋಡುವ ಆ ಗಳಿಗೆಯನ್ನು ಒಮ್ಮೆಯಾದರೂ ಹಿಡಿಯಬೇಕೆಂದು ಚಂದ್ರಮೌಳಿಯವರು ತಲೆಕೂದಲು ಕಪ್ಪಿದ್ದಾಗಿನಿಂದ ಕೇಳುತ್ತಿದ್ದರು. ಬುದ್ಧಿಯವರು ಪ್ರತಿ ಸಲವೂ ನಕ್ಕು ಕೈಗೊಂದು ಬಾಳೆಹಣ್ಣು ಕೊಟ್ಟು ಕಳಿಸುತ್ತಿದ್ದರು. ಈಗ ಮಠಕ್ಕೆ ಹೊಸ ಪ್ರಾರ್ಥನಾ ಮಂದಿರ ಕಟ್ಟಿದ್ದಾರೆ. ಅದರ ಗೋಡೆಗೆ ಬುದ್ಧಿಯವರ ಪೂಜೆಯ ದೊಡ್ಡ ಪಟವೇ ಬೇಕೆಂದು ಭಕ್ತರು ಹಟ ಹಿಡಿದಿದ್ದರು.

"ಒಂದೇ ಸಲವಂತೆ. ಸೋಮವಾರದ ಪೂಜೆ. ಫ್ಲ್ಯಾಶ್ ಕೂಡ್ದು, ಲೈಟ್ ಕೂಡ್ದು, ಈ ಕಡೆ ತಿರುಗಿ ಆ ಕಡೆ ತಿರುಗಿ ಅನ್ನಕೂಡ್ದು. ಒಳಕ್ಕೆ ಒಬ್ರು ಮಾತ್ರ."

"ಒಬ್ರು ಅಂದ್ರೆ?"

"ಒಬ್ರು ಅಂದ್ರೆ ನಾನು," ಎಂದರು ಚಂದ್ರಮೌಳಿ.

ಲಾಸ್ಯ ಮತ್ತೆ ಕುರ್ಚಿಯಲ್ಲಿ ಕೂತಳು. ಆಮೇಲೆ ಬಹಳ ನಯವಾಗಿ ಕೇಳಿದಳು: "ಯಾವ ಕ್ಯಾಮೆರಾದಲ್ಲಿ ಅಪ್ಪಾಜಿ?"

ಮುಳ್ಳು ಇದ್ದದ್ದು ಅಲ್ಲೇ. ಪೂಜೆಯ ಕೋಣೆಗೆ ಕಿಟಕಿಯಿಲ್ಲ. ಬೆಳಕೆಂದರೆ ಎರಡು ತುಪ್ಪದ ದೀಪ. ಅಂಗೈ ಮೇಲಿನ ಲಿಂಗ ಕಪ್ಪು, ಹಿಂದಿನ ಗೋಡೆ ಹೊಗೆ ಹಿಡಿದು ಮಬ್ಬು, ಪಕ್ಕದಲ್ಲೇ ಉರಿಯುವ ದೀಪದ ಕುಡಿ. ನಮ್ಮ ಕಣ್ಣು ಎಲ್ಲವನ್ನೂ ಒಟ್ಟಿಗೆ ನೋಡಿಬಿಡುತ್ತದೆ. ಕ್ಯಾಮೆರಾಕ್ಕೆ ಅಷ್ಟು ಯೋಗ್ಯತೆಯಿಲ್ಲ. ಕುಡಿಗೆ ಹೊಂದಿಸಿದರೆ ಲಿಂಗ ಕತ್ತಲಲ್ಲಿ ಮುಳುಗುತ್ತದೆ. ಲಿಂಗಕ್ಕೆ ಹೊಂದಿಸಿದರೆ ಕುಡಿ ಅಕ್ಕಿಹಿಟ್ಟಿನ ಉಂಡೆಯಾಗುತ್ತದೆ. ಎರಡನ್ನೂ ಒಂದೇ ಪಟದಲ್ಲಿ ಹಿಡಿಯುವ ತಾಕತ್ತನ್ನು ಈ ಕಸುಬಿನವರು ರೇಂಜ್ ಎನ್ನುತ್ತಾರೆ. ಆ ತಾಕತ್ತು ಇರುವುದು ಲೆನ್ಸಿನ ಹಿಂದೆ, ಮೊದಲು ಫಿಲಂ ಇರುತ್ತಿದ್ದ ಜಾಗದಲ್ಲಿ ಈಗ ಕೂತಿರುವ ಸೆನ್ಸರ್ ಎಂಬ ಪುಟ್ಟ ಬಿಲ್ಲೆಯಲ್ಲಿ. ಕತ್ತಲಾದ ಭಾಗವನ್ನು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಲು ಹೋದರೆ, ಸೆನ್ಸರ್ ಬಡವಾಗಿದ್ದ ಪಕ್ಷದಲ್ಲಿ ಚಿರೋಟಿ ರವೆ ಚೆಲ್ಲಿದ ಹಾಗೆ ಕಾಳು ಕಾಳು ಏಳುತ್ತದೆ. ಅದಕ್ಕೆ ಗ್ರೇನ್ಸ್ ಎನ್ನುತ್ತಾರೆ. ಮೊಬೈಲಿನಲ್ಲಿ ನೋಡುವ ಪಟಕ್ಕಾದರೆ ನಡೆಯುತ್ತದೆ. ಗೋಡೆಯಗಲ ಹಿಗ್ಗಿಸಿದರೆ ಬುದ್ಧಿಯವರ ಮುಖಕ್ಕೆ ಬೆವರುಸಾಲೆ ಎದ್ದಂತೆ ಕಂಡೀತು.

ಚಂದ್ರಮೌಳಿಯವರ ಕ್ಯಾಮೆರಾ ಹಳೆಯದು, ದಪ್ಪದ್ದು, ಗುಂಡಿ ಒತ್ತಿದರೆ 'ಟಕ್' ಎಂದು ಬೀದಿಗೆಲ್ಲ ಕೇಳಿಸುವಂಥದು. ಒಳಗೆ ಕನ್ನಡಿಯಿರುವ ಜಾತಿ. ಲಾಸ್ಯ ಹೊಸ ಬಗೆಯದನ್ನು, ಕನ್ನಡಿಯೇ ಇಲ್ಲದ್ದನ್ನು, ತರಿಸಿಕೊಡಲು ಅಂಗಡಿಯವರಿಗೆ ಹೇಳಿದ್ದಳು. ಅವತ್ತು ಸಂಜೆ ಬರುವುದಿತ್ತು.

"ನನ್ ಹೊಸಾದ್ರ ಸೆನ್ಸರ್ ಮುಂದೆ ನಿಮ್ದು ನಿಲ್ಲಲ್ಲ ಅಪ್ಪಾಜಿ. ಕತ್ಲೇಲಿ ನಾಲ್ಕು ಪಟ್ಟು ಜಾಸ್ತಿ ಹಿಡಿಯುತ್ತೆ."

"ಯಾರಂದೋರು? ಇಂಟರ್ನೆಟ್ಟಾ? ಆಟದ್ ಸಾಮಾನ್ ಇದ್ದಂಗದೆ ಅದು. ಅಂಗ್ಡೀಲಿ ಹಿಡುದ್ ನೋಡಿವ್ನಿ, ತೂಕನೇ ಇಲ್ಲ."

"ಸರಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೇಬುಡಣ. ನಾಳೆ ಮಧ್ಯಾಹ್ನ. ಅದೇ ಕತ್ಲೆ, ಅದೇ ದೀಪ. ಯಾವ್ ಸೆನ್ಸರ್ ಗೆಲ್ಲುತ್ತೋ ಅದರೋರು ಒಳಗೆ ಹೋಗೋದು."

ಚಂದ್ರಮೌಳಿಯವರು ಆಗಲಿ ಎಂದುಬಿಟ್ಟರು. ಗೆಲ್ಲುವುದು ತಾವೇ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಸಂಜೆ ಡಬ್ಬಿ ಬಂತು. ಲಾಸ್ಯ ಅದನ್ನು ಬಿಚ್ಚುವಾಗ ಅಪ್ಪ ಬೇಕೆಂದೇ ಬೀದಿಯ ಕಡೆ ಮುಖ ಮಾಡಿ ಪೇಪರು ಓದುತ್ತ ಕೂತರು. ಅದು ಬೆಳಗಿನ ಪೇಪರು, ಆಗಲೇ ಎರಡು ಸಲ ಓದಿ ಮುಗಿಸಿದ್ದರು. ಮಗಳು ಕ್ಯಾಮೆರಾ ಕೈಗೆ ಕೊಡಲು ಬಂದರೆ "ಆಮೇಲೆ, ಆಮೇಲೆ" ಎಂದರು.

ಆದರೆ ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಅಂಗಡಿಗೆ ಬಂದು ಬಾಗಿಲೆತ್ತಿದವರು ಅವರೇ. ಅವರ ಮನೆಯಲ್ಲಿ ಹೊಸ ಸಾಮಾನು ಯಾವುದೇ ಇರಲಿ, ಸ್ಕೂಟರಾಗಲಿ ಮಿಕ್ಸಿಯಾಗಲಿ, ವಿಭೂತಿ ಬೀಳದೆ ಕೆಲಸಕ್ಕೆ ಇಳಿಯುವ ಪದ್ಧತಿಯಿಲ್ಲ. ಮಗಳು ಈ ಕಾಲದವಳು, ಮರೆತಿದ್ದಾಳೆ. ಮರೆತಳೆಂದು ಬಿಡಲಾಗುತ್ತದೆಯೇ? ಚಂದ್ರಮೌಳಿಯವರು ಬೀರುವಿನಿಂದ ಕ್ಯಾಮೆರಾ ತೆಗೆದರು. ದೇವರ ಗೂಡಿನ ಮುಂದಿಟ್ಟರು. ವಿಭೂತಿ ಗಟ್ಟಿಯ ಮೇಲೆ ಮೂರು ಬೆರಳು ಚೆನ್ನಾಗಿ ಉಜ್ಜಿ ಕ್ಯಾಮೆರಾದ ನೆತ್ತಿಗೆ ಮೂರು ಗೆರೆ ಎಳೆದರು. 'ನನ್ ಮಗಳ ಕೈ ಸೋಲದ ಹಾಗೆ ನೋಡ್ಕೊಳಪ್ಪ' ಎಂದು ಕೈ ಮುಗಿದರು. ಆ ಕೈಯನ್ನೇ ಸೋಲಿಸಲು ಮಧ್ಯಾಹ್ನ ತಾವೇ ಕೂರುವವರಿದ್ದಾರೆ ಎಂಬುದು ಆ ಗಳಿಗೆಯಲ್ಲಿ ಅವರಿಗೆ ನೆನಪಾಗಲಿಲ್ಲ. ನೆನಪಾಗಿದ್ದರೂ ಬೇಡಿಕೆ ಬದಲಾಗುತ್ತಿರಲಿಲ್ಲ ಬಿಡಿ.

ಆಮೇಲೆ ಕುತೂಹಲ ತಡೆಯಲಿಲ್ಲ. ಲೆನ್ಸ್ ಇನ್ನೂ ಜೋಡಿಸಿರಲಿಲ್ಲ, ಬಾಯಿಗೊಂದು ಮುಚ್ಚಳವಿತ್ತು. ತಿರುಗಿಸಿ ತೆಗೆದರು. ಒಳಗೆ ಸೆನ್ಸರ್ ನವಿಲುಗರಿಯ ಬಣ್ಣದಲ್ಲಿ ಹೊಳೆಯುತ್ತಿತ್ತು. ಎಷ್ಟೋ ಹೊತ್ತು ಹಿಂದೆ ಮುಂದೆ ವಾಲಿಸಿ ನೋಡಿದರು. ಅಷ್ಟರಲ್ಲಿ ಹೊರಗೆ ಯಾವುದೋ ಸ್ಕೂಟರಿನ ಸದ್ದಾಯಿತು. ಮಗಳು ಕಂಡರೆ ಮಾನ ಉಳಿಯುತ್ತದೆಯೇ? ಹೆಗಲ ಮೇಲಿನ ಟವಲಿನಿಂದ ನೆತ್ತಿಯ ಮೇಲಿನ ಮೂರೂ ಗೆರೆಯನ್ನು ಪಟಪಟನೆ ಒರೆಸಿ, ಮುಚ್ಚಳ ಹಾಕಿ, ಬೀರುವಿಗೆ ಸೇರಿಸಿ, ಕುರ್ಚಿಯಲ್ಲಿ ಕೂತು ಪೇಪರು ಬಿಡಿಸಿದರು. ಬಂದದ್ದು ಪಕ್ಕದ ಅಂಗಡಿಯವರ ಸ್ಕೂಟರು.

ಮಧ್ಯಾಹ್ನ ಊಟವಾದ ಮೇಲೆ ಸ್ಟುಡಿಯೋದ ಹಿಂದಿನ ಕತ್ತಲೆ ಕೋಣೆ ರಣರಂಗಕ್ಕೆ ಸಿದ್ಧವಾಯಿತು. ಫಿಲಂ ಕಾಲದಲ್ಲಿ ಪಟ ತೊಳೆಯುತ್ತಿದ್ದ ಕೋಣೆ, ಬಾಗಿಲು ಹಾಕಿದರೆ ಹಗಲೂ ಒಳಗೆ ಬರದು. ಚಂದ್ರಮೌಳಿಯವರ ಹೆಂಡತಿ ಸರ್ವಮಂಗಳಮ್ಮ ಮನೆಯಿಂದ ದೀಪ, ತುಪ್ಪ, ಬತ್ತಿ ತಂದಿದ್ದರು. ಅವರೂ ದಿನಾ ಲಿಂಗಪೂಜೆ ಮಾಡುವವರು. ಹಾಗಾಗಿ ನೀನೇ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂತುಬಿಡು ಎಂದು ಗಂಡ ಹೇಳಿದರೆ, ಅವರ ಮುಖ ಗಂಟಿಕ್ಕಿತು.

"ಶಿವಪೂಜೆ ಏನ್ ನಿಮ್ ಮೆಷಿನ್ ಟೆಸ್ಟಿಗೆ ಇರೋದೇನ್ರೀ? ಆಗಲ್ಲ."

"ಮತ್ತೆ ಕರ್ರಗೆ, ಹೊಳೆಯೋ ಅಂಥದು ಇನ್ನೇನಿದೆ ಮಂಗಳಾ?"

ಸರ್ವಮಂಗಳಮ್ಮ ಯೋಚಿಸಿ, ದಾರಿಯಲ್ಲಿ ಕೊಂಡುತಂದಿದ್ದ ನೇರಳೆ ಹಣ್ಣಿನ ಪೊಟ್ಟಣ ಬಿಚ್ಚಿದರು. ಅದರಲ್ಲಿ ಎಲ್ಲಕ್ಕಿಂತ ದಪ್ಪನೆಯ, ಎಣ್ಣೆ ಸವರಿದಂತೆ ಮಿನುಗುವ ಒಂದನ್ನು ಆರಿಸಿ ಅಂಗೈ ಮೇಲಿಟ್ಟುಕೊಂಡು ಮೇಜಿನ ಮೇಲೆ ಮೊಣಕೈ ಊರಿದರು. ಪಕ್ಕದಲ್ಲಿ ದೀಪ ಹಚ್ಚಿದರು. ಲಾಸ್ಯ ಎರಡೂ ಕ್ಯಾಮೆರಾಗಳನ್ನು ಸ್ಟ್ಯಾಂಡಿಗೆ ಏರಿಸಿದಳು. ಎರಡಕ್ಕೂ ಒಂದೇ ಅಳತೆ, ಒಂದೇ ಸೆಟ್ಟಿಂಗು. ಹಣ್ಣು, ಕೈ, ದೀಪ, ಗೋಡೆ ಎಲ್ಲವೂ ಚೂಪಾಗಿ ಬರಲೆಂದು ಲೆನ್ಸಿನ ಕಿಂಡಿಯನ್ನು ಚೆನ್ನಾಗಿ ಕಿರಿದು ಮಾಡಿದಳು. ಅಪ್ಪನದು ಟಕ್ ಎಂದಿತು. ಮಗಳದು ಸದ್ದೇ ಮಾಡಲಿಲ್ಲ.

"ಹೊಡೀತೋ ಇಲ್ವೋ?" ಎಂದರು ಅಪ್ಪ.

"ಹೊಡೀತು. ಇದು ಸೈಲೆಂಟು ಅಪ್ಪಾಜಿ."

"ಸದ್ದಿಲ್ದಿದ್ ಮೇಲೆ ಅದೆಂಥ ಕ್ಯಾಮೆರಾ."

ಒಂದಷ್ಟು ಪಟ ಆದಮೇಲೆ ಸ್ಟ್ಯಾಂಡನ್ನು ಸ್ವಲ್ಪ ಸರಿಸಿ ಇನ್ನೊಂದಷ್ಟು ತೆಗೆದರು. "ಕೈ ಸೋಲ್ತಾ ಇದೆ, ಬೇಗ ಮುಗ್ಸಿ" ಎಂದು ಸರ್ವಮಂಗಳಮ್ಮ ಗೊಣಗಿದ ಮೇಲೆ ಎಲ್ಲರೂ ಕಂಪ್ಯೂಟರ್ ಮುಂದೆ ಬಂದರು. ತೀರ್ಪು ಕೊಡುವವರು ಅವರೇ ಎಂದು ಮೊದಲೇ ಮಾತಾಗಿತ್ತು. ಯಾವುದು ಯಾರದೆಂದು ಅವರಿಗೆ ಹೇಳುವಂತಿಲ್ಲ. ಲಾಸ್ಯ ಎರಡು ಪಟಗಳನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟು, ಎರಡರಲ್ಲೂ ಕತ್ತಲಾದ ಭಾಗವನ್ನು ಒಂದೇ ಸಮನಾಗಿ ಬೆಳಗಿಸಿ, ಗೋಡೆಯ ತುಣುಕೊಂದನ್ನು ಹಿಗ್ಗಿಸಿದಳು. ಚಂದ್ರಮೌಳಿಯವರು ಕೊನೆಯ ಓವರಿನಲ್ಲಿ ಮ್ಯಾಚು ನಿಂತಾಗ ಹೇಗೋ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಎಡಗಡೇದು ಪರವಾಗಿಲ್ಲ," ಎಂದರು ಸರ್ವಮಂಗಳಮ್ಮ, ಕನ್ನಡಕ ಸರಿಮಾಡಿಕೊಂಡು. "ಸ್ವಲ್ಪ ರವೆ ರವೆ ಇದೆ. ಆದ್ರೆ ಬಲಗಡೇದು ಏನಿದು, ಗೋಡೆ ಮೇಲೆಲ್ಲ ಸೊಳ್ಳೆ ಕೂತಂಗಿದೆ? ಎಡಗಡೇದೇ ಸರಿ ಕಣ್ರೀ."

ಎಡಗಡೆಯದು ಹಳೆಯ ಕ್ಯಾಮೆರಾದ್ದು.

ಚಂದ್ರಮೌಳಿಯವರು ಎದ್ದು ನಿಂತು ಎರಡೂ ತೊಡೆ ತಟ್ಟಿಕೊಂಡರು. ಅರವತ್ತು ದಾಟಿದ ಗಂಡಸು ಕತ್ತಲೆ ಕೋಣೆಗೂ ಕೌಂಟರಿಗೂ ಮಧ್ಯೆ ಎರಡು ಸಲ ಸುಮ್ಮನೆ ಓಡಾಡಿದರು. ಮಠಕ್ಕೆ ಫೋನು ಮಾಡಿ, ಸೋಮವಾರ ನಾನೇ ಬರುತ್ತೇನೆಂದು ಬುದ್ಧಿಯವರಿಗೆ ಅರಿಕೆ ಮಾಡಿ ಎಂದು ಹೇಳಿಯೂ ಆಯಿತು. ಹಾಲು ಕುಡಿದಷ್ಟು ಸಂತೋಷ.

ಲಾಸ್ಯ ಮಾತ್ರ ತೆರೆಯ ಮೇಲಿನ ಆ ಚುಕ್ಕಿಗಳನ್ನೇ ನೋಡುತ್ತಿದ್ದಳು. ಮುಖ ಸಪ್ಪಗಾಗಿತ್ತು. "ಗ್ರೇನ್ಸ್ ಹಿಂಗಿರಲ್ವಲ್ಲ," ಎಂದು ಒಂದು ಸಲ ಅಂದಳು. ನಿನ್ನೆಯಷ್ಟೇ ಸೀಲು ಒಡೆದ ಹೊಸ ಸಾಮಾನಿನಲ್ಲಿ ಬೇರೇನು ಇದ್ದೀತು ಎಂದು ಅವಳಿಗೆ ಹೊಳೆಯಲಿಲ್ಲ. "ಸೆನ್ಸರೇ ಕೆಟ್ಟಿರ್ಬೇಕು. ನಾಳೆ ಅಂಗಡಿಗೆ ವಾಪಸ್ ಕೊಟ್ಬುಡ್ತೀನಿ. ನೀವು ಹೇಳಿದ್ದೇ ಸರಿ ಅಪ್ಪಾಜಿ."

ನೀವು ಹೇಳಿದ್ದೇ ಸರಿ. ಈ ಮಾತನ್ನು ಮಗಳ ಬಾಯಿಂದ ಕೇಳಬೇಕೆಂದು ಅವರು ಎಷ್ಟು ವರ್ಷದಿಂದ ಕಾಯುತ್ತಿದ್ದರೋ. ಅವಳು ಹಿಂದಿನ ಕೋಣೆಗೆ ಹೋಗಿ ಕ್ಯಾಮೆರಾವನ್ನು ಡಬ್ಬಿಗೆ ತುಂಬಲು ಶುರುಮಾಡಿದಳು. ಚಂದ್ರಮೌಳಿಯವರು ಗೆಲುವನ್ನು ಇನ್ನೊಮ್ಮೆ ಚಪ್ಪರಿಸೋಣವೆಂದು ಕಂಪ್ಯೂಟರ್ ಮುಂದೆ ಕೂತು ಮಗಳ ಕ್ಯಾಮೆರಾದ ಪಟಗಳನ್ನು ಒಂದಾದ ಮೇಲೊಂದು ಓಡಿಸಿದರು.

ಓಡಿಸುತ್ತ ಓಡಿಸುತ್ತ ಬೆರಳು ನಿಧಾನವಾಯಿತು.

ಗ್ರೇನ್ಸ್ ಎಂಬುದಕ್ಕೆ ಒಂದು ಗುಣವಿದೆ. ಅದು ನಿಂತಲ್ಲಿ ನಿಲ್ಲುವುದಿಲ್ಲ. ಈ ಪಟದಲ್ಲಿ ಇಲ್ಲಿ ಎದ್ದ ಕಾಳು ಮುಂದಿನ ಪಟದಲ್ಲಿ ಇನ್ನೆಲ್ಲೋ ಏಳುತ್ತದೆ. ಇಲ್ಲಿ ಹಾಗಾಗುತ್ತಿರಲಿಲ್ಲ. ಎಡ ಮೂಲೆಯಲ್ಲಿ ಜೀರಿಗೆಯಾಕಾರದ ಒಂದು ಚುಕ್ಕಿ. ಮುಂದಿನ ಪಟದಲ್ಲೂ ಅಲ್ಲೇ. ಅದರ ಮುಂದಿನದರಲ್ಲೂ ಅಲ್ಲೇ. ಸ್ಟ್ಯಾಂಡು ಸರಿಸಿ ತೆಗೆದ ಪಟಗಳಲ್ಲಿ ದೀಪ, ಕೈ, ಹಣ್ಣು ಎಲ್ಲ ಪಕ್ಕಕ್ಕೆ ಜರುಗಿದ್ದವು, ಜೀರಿಗೆ ಮಾತ್ರ ಜಾಗ ಬಿಟ್ಟು ಕದಲಿರಲಿಲ್ಲ. ಇದು ಸೆನ್ಸರಿನ ದೋಷವಲ್ಲ, ಸೆನ್ಸರಿನ ಮೇಲೆ ಕೂತ ಧೂಳು. ಹೊಚ್ಚಹೊಸ ಕ್ಯಾಮೆರಾದೊಳಕ್ಕೆ ಧೂಳು ಎಲ್ಲಿಂದ ಬಂತು?

ಬಂದ ದಾರಿ ಅವರಿಗೆ ತಕ್ಷಣ ಗೊತ್ತಾಯಿತು. ತಮ್ಮ ಹಳೆಯ ಕ್ಯಾಮೆರಾದಲ್ಲಿ ಮುಚ್ಚಳ ತೆಗೆದರೆ ಕಾಣುವುದು ಕನ್ನಡಿ. ಸೆನ್ಸರ್ ಅದರ ಹಿಂದೆ ಬಚ್ಚಿಟ್ಟುಕೊಂಡಿರುತ್ತದೆ. ಮುಚ್ಚಳ ತೆಗೆದು ವಿಭೂತಿ ಒರೆಸಿದರೂ ಏನೂ ಆಗುವುದಿಲ್ಲ. ಕನ್ನಡಿಯಿಲ್ಲದ ಇದರಲ್ಲಿ ಸೆನ್ಸರ್ ಬಟ್ಟಬಯಲಿನಲ್ಲಿ ಕೂತಿರುತ್ತದೆ. ಜೀವಮಾನವೆಲ್ಲ ಕ್ಯಾಮೆರಾ ಹಿಡಿದವರಿಗೆ ಇಷ್ಟು ಗೊತ್ತಾಗಬಾರದಿತ್ತೇ?

ಕಂಪ್ಯೂಟರು ಆರಿಸಿಬಿಟ್ಟರೆ ಮುಗಿಯಿತು. ಮಗಳು ನಾಳೆ ವಾಪಸು ಕೊಡುತ್ತಾಳೆ. ಸೋಮವಾರ ತಾವು ಒಳಗೆ ಹೋಗುತ್ತಾರೆ. ಬುದ್ಧಿಯವರಿಗೆ ವಯಸ್ಸಾಗಿದೆ, ಇಂಥ ಸೋಮವಾರ ಮತ್ತೆ ಬರುವುದಿಲ್ಲ. ಚಂದ್ರಮೌಳಿಯವರು ಮೌಸಿನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದರು. ಒಳಗಿನಿಂದ ಡಬ್ಬಿಗೆ ಟೇಪು ಹಚ್ಚುವ ಸದ್ದು ಕೇಳಿಸಿತು. ಟೇಪು ಎಳೆಯುವ ಕರ್ರೆನ್ನುವ ಆ ಸದ್ದನ್ನು ಅವರಿಂದ ತಡೆದುಕೊಳ್ಳಲು ಆಗಲಿಲ್ಲ.

"ಲಾಸ್ಯ, ಟೇಪ್ ಹಾಕ್ಬೇಡ. ಆಚೆ ತೆಗಿ ಅದನ್ನ. ಸೆನ್ಸರ್ ಮೇಲೆ ಟಾರ್ಚ್ ಬಿಟ್ಟು ನೋಡು."

ಅವಳು ಲೆನ್ಸ್ ಬಿಚ್ಚಿ ಮೊಬೈಲಿನ ಬೆಳಕು ಹಿಡಿದಳು. ನವಿಲುಗರಿಯ ಬಣ್ಣದ ಮೇಲೆ ಬಿಳಿಯ ಪುಡಿ ಉದುರಿತ್ತು.

"ಇದೇನು, ಬೂದಿ ಇದ್ದಂಗಿದೆ?"

ಸರ್ವಮಂಗಳಮ್ಮ ಬಗ್ಗಿ ನೋಡಿದರು. ಆಮೇಲೆ ಸೆನ್ಸರನ್ನು ಬಿಟ್ಟು ಗಂಡನನ್ನು ನೋಡಿದರು. "ವಿಭೂತಿ ಕಣ್ರೀ ಇದು," ಎಂದರು, ತುಟಿಗೆ ಬೆಣ್ಣೆ ಮೆತ್ತಿಕೊಂಡ ಹುಡುಗನನ್ನು ಹಿಡಿದವರ ಧಾಟಿಯಲ್ಲಿ.

"ಬೆಳಿಗ್ಗೆ ಪೂಜೆ ಮಾಡ್ದೆ," ಎಂದರು ಚಂದ್ರಮೌಳಿ. "ಮುಚ್ಚಳ ತೆಗ್ದು ನೋಡ್ದೆ. ಸ್ಕೂಟರ್ ಸದ್ದಾಯ್ತು, ನೀನ್ ಬಂದೆ ಅನ್ಕೊಂಡು ಗಾಬ್ರೀಲಿ ಟವಲಲ್ಲಿ ಒರೆಸ್ಬುಟ್ಟೆ. ಗ್ರೇನ್ಸಲ್ಲ ಮಗ ಅದು. ನನ್ ಕೆಲಸ."

ಬೈಗುಳಕ್ಕೆ ಸಿದ್ಧರಾಗಿ ನಿಂತರು. ಲಾಸ್ಯ ಬೈಯಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು ಅಪ್ಪನನ್ನೇ ನೋಡುತ್ತಿದ್ದಳು.

"ನೀವು ನನ್ ಕ್ಯಾಮೆರಾಗೆ ಪೂಜೆ ಮಾಡಿದ್ರಾ? ಆಟದ್ ಸಾಮಾನು ಅಂದಿದ್ರಿ."

"ಆಟದ್ ಸಾಮಾನೇ. ಆದ್ರೂ ನಿಂದಲ್ವಾ."

ಅವಳಿಗೆ ನಗು ಉಕ್ಕಿತು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು, ಆಮೇಲೆ ಮತ್ತೆ ನಕ್ಕಳು. ಸರ್ವಮಂಗಳಮ್ಮನವರಿಗೂ ತಡೆಯಲಾಗಲಿಲ್ಲ. ಕೊನೆಗೆ ಅಪರಾಧಿಯೂ ಸೇರಿಕೊಂಡರು.

ನಗು ಮುಗಿದದ್ದೇ ತಡ ಕೆಲಸ ಶುರುವಾಯಿತು. ಲಾಸ್ಯ ಕ್ಯಾಮೆರಾವನ್ನು ಮಗುಚಿ ಹಿಡಿದು ರಬ್ಬರ್ ಬುಡ್ಡೆಯಿಂದ ಫುಸ್ ಫುಸ್ ಎಂದು ಗಾಳಿ ಬಿಟ್ಟಳು. ಆಮೇಲೆ ಸೆನ್ಸರಿಗೆಂದೇ ಇರುವ ಮೆತ್ತನೆಯ ಕಡ್ಡಿಗೆ ದ್ರಾವಣ ಹಚ್ಚಿ ಒಂದೇ ಒಂದು ಸಲ ಎಡದಿಂದ ಬಲಕ್ಕೆ ಎಳೆದಳು. ಗೀರು ಬಿದ್ದರೆ ಕ್ಯಾಮೆರಾ ಹೋದ ಹಾಗೆಯೇ. ಅಪ್ಪ ಟಾರ್ಚು ಹಿಡಿದು ಉಸಿರು ಬಿಗಿಹಿಡಿದಿದ್ದರು. ಸರ್ವಮಂಗಳಮ್ಮ ಮೊದಲಿನ ಹಣ್ಣು ತಿಂದುಬಿಟ್ಟಿದ್ದರಿಂದ ಇನ್ನೊಂದನ್ನು ಆರಿಸಿ ಅಂಗೈ ಮೇಲಿಟ್ಟುಕೊಂಡರು. ದೀಪ ಮತ್ತೆ ಹತ್ತಿತು. ಅದೇ ಅಳತೆ, ಅದೇ ಸೆಟ್ಟಿಂಗು, ಮತ್ತೆ ಎಡಕ್ಕೊಂದು ಬಲಕ್ಕೊಂದು.

ಈ ಸಲ ತೀರ್ಪುಗಾರರ ಅವಶ್ಯಕತೆಯೇ ಬೀಳಲಿಲ್ಲ. ಲಾಸ್ಯ ಕತ್ತಲನ್ನು ಸ್ವಲ್ಪ ಬೆಳಗಿಸಿದಳು. ಎರಡೂ ಪಟ ಸಮಸಮ. ಇನ್ನೂ ಸ್ವಲ್ಪ ಬೆಳಗಿಸಿದಳು. ಹಳೆಯ ಕ್ಯಾಮೆರಾದ ಗೋಡೆಯಲ್ಲಿ ರವೆ ಎದ್ದಿತು.

"ಇನ್ನೂ ಎತ್ತು," ಎಂದರು ಚಂದ್ರಮೌಳಿ.

ಹಳೆಯದರಲ್ಲಿ ಕೆಂಪು ಹಸಿರು ಕಾಳುಗಳು ಕುದಿಯತೊಡಗಿದವು. ನೇರಳೆ ಹಣ್ಣು ಬರೀ ಕಪ್ಪು ತೂತಿನಂತೆ ಕಂಡಿತು. ಹೊಸದರಲ್ಲಿ ಗೋಡೆಯ ಸುಣ್ಣದ ಪದರ ಕಾಣುತ್ತಿತ್ತು.

"ಇನ್ನೂ ಎತ್ತಮ್ಮ, ನೋಡೇಬುಡಣ ಎಲ್ಲೀಗಂಟ ಹೋಗುತ್ತೆ."

ಹೊಸದರಲ್ಲಿ ಹಣ್ಣಿನ ಸಿಪ್ಪೆ ಎದ್ದು ಬಂತು. ಅದರ ನುಣುಪು, ತೊಟ್ಟು ಕಿತ್ತ ಜಾಗದ ಪುಟ್ಟ ಕುಳಿ, ಕೆಳಗೆ ಸರ್ವಮಂಗಳಮ್ಮನವರ ಅಂಗೈ ಗೆರೆ, ಒಲೆಯ ಮುಂದೆ ಸುಟ್ಟುಕೊಂಡ ಹಳೆಯ ಕಲೆ. ಅಷ್ಟೆಲ್ಲ ಕತ್ತಲಿನಿಂದ ಎದ್ದು ಬಂದರೂ ದೀಪದ ಕುಡಿ ಉಂಡೆಯಾಗಿರಲಿಲ್ಲ. ಬುಡದಲ್ಲಿ ನೀಲಿ, ಮೇಲೆ ಹಳದಿ, ಎರಡರ ನಡುವಿನ ಕಂದು ಕೂಡ ಬಿಡಿಬಿಡಿಯಾಗಿ ನಿಂತಿತ್ತು. ಚಂದ್ರಮೌಳಿಯವರ ಮೈ ಜುಮ್ಮೆಂದಿತು. ತಾವು ಸೋಲುತ್ತಿದ್ದೇವೆ ಎಂಬುದು ಗೊತ್ತಿತ್ತು, ಆದರೂ ಕೂತಲ್ಲಿ ಕೂರಲಾಗಲಿಲ್ಲ. ಪಟ ತೊಳೆಯುವಾಗ ಬಿಳಿ ಕಾಗದದ ಮೇಲೆ ಮುಖವೊಂದು ಮೂಡಿಬರುವುದನ್ನು ನೋಡುವ ಆ ಹುಚ್ಚು ಸಂತೋಷ ಇಷ್ಟು ವರ್ಷದ ಮೇಲೆ ಮತ್ತೆ ಬಂದಿತ್ತು.

"ನೋಡು ಮಂಗಳಾ, ನಿನ್ ಕೈ ನೋಡು. ಕತ್ಲೇನ ಹೆಂಗ್ ಕುಡುದ್ಬುಟ್ಟದೆ ನೋಡು ಇದು."

"ಸೋತಿದ್ದು ನೀವು ಅಲ್ವೇನ್ರೀ?"

"ಹೂಂ, ಸೋತೆ. ಅದಿರ್ಲಿ, ಇಲ್ ನೋಡು."

ಸಂಜೆ ಅಂಗಡಿ ಮುಚ್ಚುವಾಗ ಲಾಸ್ಯ ಹಿಂದಿನಿಂದ ಬಂದು ಅಪ್ಪನ ತೋಳು ಹಿಡಿದಳು.

"ಅಪ್ಪಾಜಿ, ನೀವೇ ಹೋಗಿ. ನನ್ ಕ್ಯಾಮೆರಾ ತಗೊಂಡು ನೀವೇ ಒಳಕ್ಕೆ ಹೋಗಿ. ಪಂದ್ಯ ಇದ್ದಿದ್ದು ಸೆನ್ಸರಿಗೆ."

ಚಂದ್ರಮೌಳಿಯವರಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಬೀಗದ ಕೈ ಬೀಗದಲ್ಲೇ ನಿಂತಿತು. ಕೊಟ್ಟುಬಿಡು ಎಂದು ನಾಲಗೆ ತುದಿಗೆ ಬಂದಿತ್ತು. ಆದರೆ ಬುದ್ಧಿಯವರು ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಎತ್ತುವುದು ಒಂದೇ ಸಲ. ಆ ಗಳಿಗೆಯಲ್ಲಿ ಬೆರಳು ತಾನಾಗಿ ಗುಂಡಿಯ ಮೇಲಿರಬೇಕು. ಗುಂಡಿ ಎಲ್ಲಿದೆ ಎಂದು ಹುಡುಕುವ ಕೈ ಅಲ್ಲಿ ನಡೆಯದು.

"ನನ್ ಬೆರಳಿಗೆ ಇದರ ಗುರ್ತಿಲ್ಲ ಮಗ. ನಾನ್ ಹೋದ್ರೆ ನಾನು ನೋಡ್ದಂಗಾಗುತ್ತೆ ಅಷ್ಟೆ. ಪಟ ಬರಲ್ಲ. ಪಟ ಬರ್ಬೇಕು. ನೀನ್ ಹೋಗು," ಎಂದು ಬೀಗ ತಿರುಗಿಸಿದರು.

ಸೋಮವಾರ ಅಪ್ಪ ಮಗಳು ಇಬ್ಬರೂ ಮಠಕ್ಕೆ ಹೋದರು. ಬುದ್ಧಿಯವರು ಸ್ನಾನ ಮುಗಿಸಿ ಪೂಜೆಯ ಕೋಣೆಯ ಬಾಗಿಲಿಗೆ ಬಂದಿದ್ದರು. ಮೈ ಬಡಕಲಾಗಿತ್ತು, ಹೆಜ್ಜೆ ಸಣ್ಣದಾಗಿತ್ತು. ಚಂದ್ರಮೌಳಿಯವರ ಕೈಯಲ್ಲಿ ಏನೂ ಇಲ್ಲದ್ದನ್ನು ಕಂಡು ನಿಂತರು.

"ಇಷ್ಟು ವರ್ಷ ಕಾಡಿದವರು ನೀವಲ್ಲವಾ ಮೌಳಿ?"

"ನಾನೇ ಬುದ್ಧಿ. ಒಳಕ್ಕೆ ಬರೋದು ಮಗಳು. ಕತ್ಲೇನ ಅವಳು ನನಗಿಂತ ಚೆನ್ನಾಗಿ ಹಿಡೀತಾಳೆ."

ಬುದ್ಧಿಯವರು ತಲೆಯಾಡಿಸಿ ಒಳಗೆ ಹೋದರು. ಲಾಸ್ಯ ಚಪ್ಪಲಿ ಬಿಟ್ಟು, ಸೆರಗಿನಂತೆ ದುಪಟ್ಟಾ ಸಿಕ್ಕಿಸಿಕೊಂಡು ಅವರ ಹಿಂದೆ ಹೋದಳು. ಬಾಗಿಲು ಮುಚ್ಚಿತು.

ಚಂದ್ರಮೌಳಿಯವರು ಜಗಲಿಯ ಕಂಬಕ್ಕೆ ಒರಗಿ ಕೂತರು. ಕೂರಲಾಗದೆ ಎದ್ದರು. ಬಾಗಿಲಿಗೆ ಕಿವಿಗೊಟ್ಟರು. ಗಂಟೆ ಕೇಳಿಸಿತು. ಮಂತ್ರ ಕೇಳಿಸಿ ನಿಂತಿತು. ಈಗ ಎತ್ತುತ್ತಿರಬೇಕು. ಟಕ್ ಎನ್ನುವ ಸದ್ದಿಗೆ ಅವರ ಇಡೀ ಮೈ ಕಾಯುತ್ತಿತ್ತು. ಸದ್ದು ಬರಲಿಲ್ಲ. ಒಳಗೆ ಏನೂ ಇಲ್ಲ, ಬರೀ ಮೌನ. ಹುಡುಗಿ ಹೆದರಿ ನಿಂತುಬಿಟ್ಟಳೇ? ಬುದ್ಧಿಯವರನ್ನು ನೋಡುತ್ತ ಗುಂಡಿ ಒತ್ತುವುದನ್ನೇ ಮರೆತಳೇ? ಒತ್ತಮ್ಮ, ಒತ್ತು ಎಂದು ಮನಸ್ಸಿನಲ್ಲೇ ಬೇಡಿಕೊಂಡರು. ಸೈಲೆಂಟು ಅಪ್ಪಾಜಿ ಎಂದಿದ್ದು ನೆನಪಾಯಿತು, ಆದರೂ ಎದೆ ಕೇಳಬೇಕಲ್ಲ.

ಪೂಜೆ ಮುಗಿದು ಬಾಗಿಲು ತೆರೆಯಿತು. ಲಾಸ್ಯ ಹೊರಗೆ ಬಂದಳು. ಅಪ್ಪನನ್ನು ಜಗಲಿಯ ಮೇಲೆ ಕೂರಿಸಿ, ಕ್ಯಾಮೆರಾದ ಹಿಂದಿನ ತೆರೆಯನ್ನು ಅವರ ಮುಂದೆ ಹಿಡಿದಳು.

ಚಂದ್ರಮೌಳಿಯವರು ಅಭ್ಯಾಸಬಲದಿಂದ ಮೊದಲು ದೀಪ ನೋಡಿದರು. ಕುಡಿ ಚೂಪಾಗಿ ನಿಂತಿತ್ತು. ಆಮೇಲೆ ಲಿಂಗ. ಕತ್ತಲೆಯ ಗೋಡೆಯ ಮುಂದೆ ಕಪ್ಪು ಲಿಂಗ ಬೇರೆಯಾಗಿ, ದುಂಡಗೆ, ನೆರಿಗೆಗಟ್ಟಿದ ಅಂಗೈ ಮೇಲೆ ಕೂತಿತ್ತು. ಅದರ ಹಿಂದೆ ಬುದ್ಧಿಯವರ ಮುಖ. ಚಿಕ್ಕಂದಿನಿಂದ ಈ ಮನುಷ್ಯರ ಕಾಲಿಗೆ ಎಷ್ಟು ಸಲ ಬಿದ್ದಿದ್ದರೋ, ಈ ಮುಖವನ್ನು ಮಾತ್ರ ಕಂಡಿರಲಿಲ್ಲ. ಇದು ಭಕ್ತರ ಕಡೆ ತಿರುಗಿ ನಗುವ ಮುಖವಲ್ಲ. ಇದು ಯಾರೂ ನೋಡುತ್ತಿಲ್ಲವೆಂದು ತಿಳಿದವರ ಮುಖ. ಕಣ್ಣು ತುಂಬ ನೀರಿತ್ತು, ರೆಪ್ಪೆ ಬಡಿಯದ ಆ ಕಣ್ಣುಗಳಲ್ಲಿ ಎರಡು ದೀಪ ಉರಿಯುತ್ತಿದ್ದವು. ಚಂದ್ರಮೌಳಿಯವರು ಇಷ್ಟು ವರ್ಷ ಬೇಡಿದ್ದು ಇದನ್ನೇ, ಮಗಳ ಕೈಯಿಂದ ಸಿಕ್ಕಿತ್ತು. ಎರಡೂ ಕೈ ತಾವಾಗಿ ಜೋಡಿಕೊಂಡವು.

"ಎಡ ಮೂಲೆ ಹಿಗ್ಗಿಸಿ ನೋಡಿ ಅಪ್ಪಾಜಿ," ಎಂದಳು ಲಾಸ್ಯ, ಉತ್ಸಾಹ ತಡೆಯಲಾರದೆ. "ಒಂದೇ ಒಂದು ಗ್ರೇನ್ಸ್ ಇಲ್ಲ."

"ಮೆತ್ತಗೆ ಮಾತಾಡು ಮಗ," ಎಂದರು ಅವರು, ತೆರೆಯಿಂದ ಕಣ್ಣು ಕೀಳದೆ. "ಬುದ್ಧಿಯೋರು ಪೂಜೇಲವ್ರೆ."